ಅದಿರು ಯಾವ ರೂಪದಲ್ಲಿ ಊರು ಬಿಡುತ್ತದೆ?

ಮಾನ್ಯ ಸಂಪಾದಕರೆ,

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದ ಲಿಥಿಯಂ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಬಂದಾಗಲೆಲ್ಲ ‘ಬಿಳಿ ಚಿನ್ನ’ ಎಂಬ ಮಾತೂ ಜೊತೆಗಿರುತ್ತದೆ. ಖನಿಜ ಸಂಸ್ಕರಣೆ ಮತ್ತು ಬ್ಯಾಟರಿ ಲೋಹಗಳನ್ನು ಬಲ್ಲ ನಮಗೆ ಈ ಉತ್ಸಾಹದ ನಡುವೆ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ ಎಂಬ ಕಳವಳವಿದೆ. ಕಲ್ಲು ನೆಲದಿಂದ ಮೇಲೆ ಬಂದ ನಂತರ ಯಾವ ರೂಪದಲ್ಲಿ ಊರು ಬಿಡುತ್ತದೆ? ಪುಡಿಯಾಗಿಯೋ, ಶುದ್ಧ ಲವಣವಾಗಿಯೋ, ಬ್ಯಾಟರಿಯಾಗಿಯೋ? ಚಿಲಿ, ಇಂಡೊನೇಷ್ಯಾ, ಕಾಂಗೊ ದೇಶಗಳು ಈ ಒಂದು ಪ್ರಶ್ನೆಯ ಜೊತೆಗೇ ವರ್ಷಗಳಿಂದ ಗುದ್ದಾಡುತ್ತಿವೆ. ಅವು ಪಟ್ಟ ಪಾಡನ್ನು ನೋಡಿ ಕಲಿಯುವ ಅವಕಾಶ ನಮಗಿದೆ.

ಮೊದಲು ಅಂಕಿಯನ್ನು ಓದುವ ಬಗೆ. ಅಣು ಖನಿಜ ನಿರ್ದೇಶನಾಲಯವು ಮಂಡ್ಯದಲ್ಲಿ ಗುರುತಿಸಿರುವುದು 1,600 ಟನ್, ಅದೂ ‘ಊಹಿತ’ ದರ್ಜೆಯದು. ಅಂದರೆ ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಪ್ರಮಾಣದ ಭೂಗರ್ಭ ಶೋಧನೆಯ ಮೇಲೆ ಹಾಕಿದ ಅಂದಾಜು. ತೆಗೆದರೆ ಗಿಟ್ಟುತ್ತದೆಯೇ ಎಂಬುದಕ್ಕೆ ಆ ದರ್ಜೆ ಉತ್ತರ ಕೊಡುವುದಿಲ್ಲ. ಅಷ್ಟೂ ಅಪ್ಪಟ ಲಿಥಿಯಂ ಎಂದೇ ಇಟ್ಟುಕೊಂಡು ಲೆಕ್ಕ ಮಾಡೋಣ. ಅದಿರಿನಿಂದ ಸಾಂದ್ರಕಕ್ಕೆ, ಅಂದರೆ ಲಿಥಿಯಂ ಪಾಲು ಹೆಚ್ಚಿಸಿದ ಪುಡಿಗೆ, ಬರುವಾಗ ನೂರಕ್ಕೆ 65, ಸಾಂದ್ರಕದಿಂದ ಬ್ಯಾಟರಿಗೆ ಬೇಕಾದ ಕಾರ್ಬೊನೇಟ್ ಲವಣಕ್ಕೆ ಬರುವಾಗ ನೂರಕ್ಕೆ 85 ಕೈಗೆ ಸಿಕ್ಕರೆ ಅಚ್ಚುಕಟ್ಟಾದ ಕಾರ್ಖಾನೆ ಎನ್ನಬೇಕು. ಆಗಲೂ ಉಳಿಯುವುದು ಸುಮಾರು 880 ಟನ್. 3 ಕಿಲೊವ್ಯಾಟ್ ಅವರ್‌ನ ಒಂದು ಸ್ಕೂಟರ್ ಬ್ಯಾಟರಿಗೆ ಸುಮಾರು 300 ಗ್ರಾಂ ಲಿಥಿಯಂ ಬೇಕು. ಹಾಗಾಗಿ 880 ಟನ್ನಿಗೆ 29 ಲಕ್ಷ ಸ್ಕೂಟರ್‌ಗಳಾದವು. ದೇಶದಲ್ಲಿ 2024–25ರ ಒಂದೇ ವರ್ಷ ನೋಂದಣಿಯಾದ ವಿದ್ಯುತ್ ದ್ವಿಚಕ್ರ ವಾಹನಗಳು 11 ಲಕ್ಷ ದಾಟಿವೆ. ಇಡೀ ನಿಕ್ಷೇಪ ಎರಡೂವರೆ ವರ್ಷದ ಸ್ಕೂಟರ್‌ಗಳಿಗೆ ಸರಿಹೋಯಿತು.

ಇಲ್ಲಿ ಇನ್ನೊಂದು ತೊಡಕಿದೆ. ಒಂದು ಟನ್ ಲಿಥಿಯಂ ಲೋಹ ಎಂದರೆ 2.15 ಟನ್ ಲಿಥಿಯಂ ಆಕ್ಸೈಡ್, 5.32 ಟನ್ ಲಿಥಿಯಂ ಕಾರ್ಬೊನೇಟ್. ಯಾವುದರ ಟನ್ ಎಂದು ಹೇಳದ ಅಂಕಿ ಅರ್ಧಕ್ಕೆ ಇಳಿಯಬಹುದು, ಐದು ಪಟ್ಟು ಉಬ್ಬಲೂಬಹುದು. ಜಮ್ಮುವಿನ ರಿಯಾಸಿಯಲ್ಲಿ ಆದದ್ದು ಅದೇ. 2023ರ ಫೆಬ್ರುವರಿಯಲ್ಲಿ 59 ಲಕ್ಷ ಟನ್ ಎಂಬ ಸುದ್ದಿ ಬಂದೊಡನೆ ಭಾರತವನ್ನು ಚಿಲಿಯ ಪಕ್ಕ ಕೂರಿಸಿಬಿಟ್ಟರು. ಚಿಲಿಯ ಹೆಸರಲ್ಲಿರುವ 93 ಲಕ್ಷ ಟನ್ ಲಿಥಿಯಂ ಲೋಹದ ಲೆಕ್ಕ, ರಿಯಾಸಿಯದು ಅದಿರಿನ ಲೆಕ್ಕ. ಭತ್ತದ ಮೂಟೆಯನ್ನು ಅಕ್ಕಿ ಮೂಟೆಯ ಜೊತೆ ತೂಗಿದರೂ ಇಷ್ಟು ತಪ್ಪಾಗುತ್ತಿರಲಿಲ್ಲ. ಆ ಬ್ಲಾಕ್ ಹರಾಜಿಗೆ ಬಂದಾಗ ಬೇಕಾದಷ್ಟು ಬಿಡ್‌ದಾರರೇ ಸಿಗದೆ ಹರಾಜು ರದ್ದಾಯಿತು. ಅಲ್ಲಿನ ಲಿಥಿಯಂ ಇರುವುದು ಜೇಡಿಮಣ್ಣಿನಂಥ, ಬಾಕ್ಸೈಟ್ ಬೆರೆತ ಪದರದಲ್ಲಿ. ಅದರಿಂದ ವಾಣಿಜ್ಯ ಮಟ್ಟದಲ್ಲಿ ಲಿಥಿಯಂ ತೆಗೆಯುವ ಪಳಗಿದ ವಿಧಾನ ಇನ್ನೂ ಇಲ್ಲ.

ಮಂಡ್ಯದ್ದು ಗಟ್ಟಿ ಕಲ್ಲು. ಪೆಗ್ಮಟೈಟ್ ಎಂಬ ಬಿಳಿ ಕಲ್ಲಿನ ಪಟ್ಟೆಗಳಲ್ಲಿರುವ ಸ್ಪಾಡ್ಯುಮಿನ್ ಖನಿಜ. ಇದರಿಂದ ಲಿಥಿಯಂ ತೆಗೆಯುವ ದಾರಿ ಚೆನ್ನಾಗಿ ಗೊತ್ತಿರುವಂಥದ್ದು, ಆದರೆ ಉದ್ದದ ದಾರಿ. ಒಳ್ಳೆಯ ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಶೇ 1.2ರ ಆಸುಪಾಸು ಇರುತ್ತದೆ. ಅದನ್ನು ಒಡೆದು, ಅರೆದು, ಭಾರದ ದ್ರವದಲ್ಲಿ ಬೇರ್ಪಡಿಸಿ, ನೊರೆ ತೇಲಿಸಿ ಶೇ 6ರ ಸಾಂದ್ರಕ ಮಾಡುತ್ತಾರೆ. ಜಗತ್ತಿನ ಸಂತೆಗೆ ಹೋಗುವ ಪುಡಿ ಇದೇ. ಪುಡಿಯನ್ನು ಹಾಗೆಯೇ ಆಮ್ಲಕ್ಕೆ ಹಾಕಿದರೆ ಏನೂ ಆಗುವುದಿಲ್ಲ, ಏಕೆಂದರೆ ನೆಲದಲ್ಲಿ ಹುಟ್ಟಿದ ಸ್ಪಾಡ್ಯುಮಿನ್‌ನ ಹರಳು ಬಿಗಿಯಾದದ್ದು. ತಿರುಗುವ ಗೂಡಿನಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಹರಳು ಅರಳಿಕೊಂಡು ಸಡಿಲವಾಗುತ್ತದೆ. ಆಮೇಲೆ ಗಂಧಕಾಮ್ಲ ಬೆರೆಸಿ 250 ಡಿಗ್ರಿಯ ಸುತ್ತಮುತ್ತ ಹುರಿದರೆ ಲಿಥಿಯಂ ಸಲ್ಫೇಟ್ ಆಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಸುಣ್ಣ ಮತ್ತು ಸೋಡಾ ಹಾಕಿ ಕಬ್ಬಿಣ, ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ತೆಗೆದು, ದ್ರಾವಣವನ್ನು 90 ಡಿಗ್ರಿಗೂ ಮೇಲೆ ಕಾಯಿಸಿ ಸೋಡಾ ಬೂದಿ ಹಾಕಿದಾಗ ಲಿಥಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಬಿಸಿ ಏರಿದಷ್ಟೂ ನೀರಿನಲ್ಲಿ ಕಡಿಮೆ ಕರಗುವ ಲವಣ ಇದು. ಹಾಗಾಗಿ ತಣ್ಣಗಿನ ದ್ರಾವಣದಲ್ಲಿ ಸೋಡಾ ಹಾಕಿದರೆ ಸರಕು ನೀರಿನಲ್ಲೇ ಉಳಿದುಬಿಡುತ್ತದೆ.

ಕೆಲಸ ಕೆಡುವುದು ಬಹುಪಾಲು ಗೂಡಿನ ಹತ್ತಿರ. ಶಾಖ ಕಡಿಮೆಯಾದರೆ ಒಂದಷ್ಟು ಹರಳು ಅರಳದೆ ಉಳಿಯುತ್ತದೆ, ಆಮೇಲೆ ಎಷ್ಟು ಆಮ್ಲ ಸುರಿದರೂ ಅದು ಕಸಕ್ಕೇ ಹೋಗುತ್ತದೆ. ಹೆಚ್ಚಾದರೆ ಕಣಗಳ ಮೈ ಕರಗಿ ಗಾಜಿನ ಹೊದಿಕೆ ಕಟ್ಟುತ್ತದೆ, ಗೂಡಿನ ಒಳಗೋಡೆಗೆ ಉಂಗುರದಂತೆ ಮೆತ್ತಿಕೊಂಡು ಗೂಡನ್ನೇ ನಿಲ್ಲಿಸಬೇಕಾಗುತ್ತದೆ. ಸಾಂದ್ರಕದಲ್ಲಿ ಅಭ್ರಕವೂ ಕಬ್ಬಿಣವೂ ಹೆಚ್ಚಿದ್ದರೆ ಈ ಕರಗುವಿಕೆ ಇನ್ನೂ ಬೇಗ ಶುರುವಾಗುತ್ತದೆ. ಕೊನೆಗೆ ಬರುವ ಪುಡಿ ಶೇ 99.5 ಶುದ್ಧವಿದ್ದರಷ್ಟೇ ಬ್ಯಾಟರಿಗೆ ಆಗುತ್ತದೆ. ಸೋಡಿಯಂ, ಕಬ್ಬಿಣಗಳು ಹತ್ತು ಲಕ್ಷದಲ್ಲಿ ಇಷ್ಟೇ ಭಾಗ ಎಂಬ ಮಿತಿ ದಾಟಿದರೆ ಅದೇ ಸರಕು ಗಾಜು, ಗ್ರೀಸು ಮಾಡುವವರಿಗೆ ಅಗ್ಗಕ್ಕೆ ಹೋಗುತ್ತದೆ. ಹೊಸ ಕಾರ್ಖಾನೆಯನ್ನು ಶುರು ಮಾಡಿ ಈ ಶುದ್ಧತೆಯನ್ನು ದಿನವೂ ಹಿಡಿಯುವ ಹೊತ್ತಿಗೆ ವರ್ಷಗಳು ಕಳೆಯುತ್ತವೆ. ಇಲ್ಲಿ ದುಬಾರಿಯಾದದ್ದು ಪಳಗಿದ ಕೈ. ಜಗತ್ತಿನ ಲಿಥಿಯಂ ಶುದ್ಧೀಕರಣದ ಮೂರನೇ ಎರಡರಷ್ಟು, ಕೋಬಾಲ್ಟ್‌ನ ಮುಕ್ಕಾಲು, ವಿರಳ ಭಸ್ಮ ಲೋಹಗಳ ಶೇ 90ರಷ್ಟು ಚೀನಾದಲ್ಲಿ ನಡೆಯುತ್ತಿರುವುದು ಅಲ್ಲಿ ಅದಿರು ಹೆಚ್ಚಿರುವುದರಿಂದಷ್ಟೇ ಅಲ್ಲ. ಕೋಬಾಲ್ಟ್ ಅದಿರಂತೂ ಅಲ್ಲಿ ಹೆಸರಿಗಷ್ಟೇ ಇದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ಡಿಸ್ಪ್ರೋಸಿಯಂ, ಟೆರ್ಬಿಯಂ ಸೇರಿ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ತಯಾರಕರು ಮೋಟಾರಿನ ಆಯಸ್ಕಾಂತಕ್ಕಾಗಿ ಪರದಾಡಿದರು.

‘ಹಾಗಾದರೆ ಅದಿರಿನ ರಫ್ತು ನಿಲ್ಲಿಸಿ, ಕಾರ್ಖಾನೆ ತಾನೇ ಬರುತ್ತದೆ’ ಎಂಬ ವಾದವಿದೆ. ಇಂಡೊನೇಷ್ಯಾ ಅದನ್ನು ಮಾಡಿ ತೋರಿಸಿದೆ. 2020ರ ಜನವರಿ 1ರಿಂದ ನಿಕ್ಕಲ್ ಅದಿರನ್ನು ಹೊರಗೆ ಕಳಿಸುವುದನ್ನು ಅದು ಪೂರ್ತಿ ನಿಲ್ಲಿಸಿತು. ಐರೋಪ್ಯ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 2022ರ ನವೆಂಬರ್‌ನಲ್ಲಿ ತೀರ್ಪು ಇಂಡೊನೇಷ್ಯಾದ ವಿರುದ್ಧ ಬಂತು, ಅದು ಮೇಲ್ಮನವಿ ಹಾಕಿ ನಿಷೇಧವನ್ನು ಮುಂದುವರಿಸಿತು. ಸುಲಾವೇಸಿಯ ಮೊರೊವಾಲಿ, ಹಲ್ಮಹೆರಾದ ವೇದಾ ಬೇ ಇವತ್ತು ಕುಲುಮೆಗಳ ಊರುಗಳು. ಜಗತ್ತಿನ ನಿಕ್ಕಲ್‌ನಲ್ಲಿ ಅರ್ಧಕ್ಕೂ ಹೆಚ್ಚು ಈಗ ಆ ಒಂದೇ ದೇಶದ ಗಣಿಗಳಿಂದ ಬರುತ್ತದೆ. ಬಡ ದೇಶಗಳು ಕಚ್ಚಾಮಾಲನ್ನೇ ಮಾರುತ್ತಿರಬೇಕು ಎಂಬ ಹಳೆಯ ನಿಯಮವನ್ನು ಅದು ಮುರಿದಿದೆ. ಅದನ್ನು ಒಪ್ಪಲೇಬೇಕು, ಮೆಚ್ಚಲೂಬೇಕು.

ಆದರೆ ಕಾರ್ಖಾನೆಗಳ ದೊಡ್ಡ ಪಾಲು ಬಂಡವಾಳ, ಯಂತ್ರ, ವಿಧಾನ ಎಲ್ಲವೂ ಚೀನಾದ ಕಂಪನಿಗಳವು. ತೆರಿಗೆ ವಿನಾಯಿತಿ 20 ವರ್ಷದವರೆಗೂ ಉಂಟು. ಕುಲುಮೆಗಳಿಗೆ ಕರೆಂಟು ಬರುವುದು ಅಲ್ಲೇ ಕಟ್ಟಿದ ಕಲ್ಲಿದ್ದಲ ಸ್ಥಾವರಗಳಿಂದ. ಹೊಗೆಯಿಲ್ಲದ ವಾಹನಕ್ಕೆ ಬೇಕಾದ ಲೋಹ ಅಲ್ಲಿ ಕಲ್ಲಿದ್ದಲ ಹೊಗೆಯಲ್ಲೇ ಹುಟ್ಟುತ್ತಿದೆ. ಬ್ಯಾಟರಿಗೆ ಹೋಗುವ ನಿಕ್ಕಲ್‌ನ ವಿಧಾನವನ್ನು ಹತ್ತಿರದಿಂದ ನೋಡಬೇಕು. ಮೇಲ್ಪದರದ ಕೆಂಪು ಮಣ್ಣಿನಲ್ಲಿ ನಿಕ್ಕಲ್ ನೂರಕ್ಕೆ ಒಂದು ಭಾಗದ ಆಸುಪಾಸು. ಅದನ್ನು ರಾಡಿ ಮಾಡಿ, ಟೈಟಾನಿಯಂ ಒಳಹೊದಿಕೆಯ ಒತ್ತಡದ ಪಾತ್ರೆಯಲ್ಲಿ ಗಂಧಕಾಮ್ಲದ ಜೊತೆ 250 ಡಿಗ್ರಿಯಲ್ಲಿ, ವಾತಾವರಣದ ನಲವತ್ತು ಪಟ್ಟಿಗೂ ಮೀರಿದ ಒತ್ತಡದಲ್ಲಿ ಬೇಯಿಸುತ್ತಾರೆ. ಒಂದು ಟನ್ ನಿಕ್ಕಲ್ ಸಿಗುವಷ್ಟರಲ್ಲಿ ನೂರು ಟನ್‌ಗೂ ಮೀರಿ ಕೆಂಪು ಕೆಸರು ಉಳಿಯುತ್ತದೆ. ಅದನ್ನು ಹಿಂಡಿ, ಹದ ಮಾಡಿ, ಗುಡ್ಡ ಹಾಕುತ್ತಾರೆ. ಒಣ ಸೀಮೆಯಾದರೆ ಅದು ನಿಲ್ಲುತ್ತದೆ. ಧೋ ಎಂದು ಮಳೆ ಸುರಿಯುವ, ಭೂಮಿಯೂ ನಡುಗುವ ಸುಲಾವೇಸಿಯಲ್ಲಿ ಒಳಗೆ ನೀರು ಇಳಿದ ಗುಡ್ಡ ಜಾರುತ್ತದೆ. 2025ರ ಮಾರ್ಚ್‌ನಲ್ಲಿ ಮೊರೊವಾಲಿಯಲ್ಲಿ ಅಂಥ ಗುಡ್ಡ ಕುಸಿದು ಕಾರ್ಮಿಕರು ಅದರಡಿ ಸಿಕ್ಕಿ ಸತ್ತರು. ಅದಕ್ಕೆ ಮೊದಲು 2023ರ ಡಿಸೆಂಬರ್ 24ರಂದು ಅಲ್ಲೇ ಕುಲುಮೆ ರಿಪೇರಿಯ ವೇಳೆ ಸ್ಫೋಟವಾಗಿ 21 ಜನ ಪ್ರಾಣ ಕಳೆದುಕೊಂಡಿದ್ದರು. ಲೋಹ ಹೆಚ್ಚಾಗಿ ಬೆಲೆಯೂ ಬಿತ್ತು. ಆಸ್ಟ್ರೇಲಿಯಾದಲ್ಲಿ, ನ್ಯೂ ಕ್ಯಾಲಿಡೋನಿಯಾದಲ್ಲಿ ಗಣಿಗಳು ಬಾಗಿಲು ಹಾಕಿದವು. ಇಂಡೊನೇಷ್ಯಾದ ಲಾಭದ ಅಂಚೂ ತೆಳುವಾಯಿತು.

ಚಿಲಿ ಬೇರೆ ದಾರಿ ಹಿಡಿಯಿತು. ಅಟಕಾಮ ಉಪ್ಪು ಬಯಲಿನ ಉಪ್ಪುನೀರನ್ನು ಕೊಳಗಳಲ್ಲಿ ವರ್ಷಕ್ಕೂ ಮೀರಿ ಬಿಸಿಲಿಗೆ ಬಿಟ್ಟು ಗಟ್ಟಿ ಮಾಡುವುದರಿಂದ ಅಲ್ಲಿ ಖರ್ಚು ಕಡಿಮೆ. ಸರ್ಕಾರದ ಕಾರ್ಫೊ ಸಂಸ್ಥೆ 2016 ಮತ್ತು 2018ರ ಕರಾರುಗಳಲ್ಲಿ ಎರಡು ಒಳ್ಳೆಯ ಷರತ್ತು ಹಾಕಿತು. ಬೆಲೆ ಏರಿದಂತೆ ರಾಯಧನವೂ ಮೆಟ್ಟಿಲು ಮೆಟ್ಟಿಲಾಗಿ ಏರಿ ಶೇ 40ರವರೆಗೆ ಮುಟ್ಟುತ್ತದೆ. ಉತ್ಪಾದನೆಯ ಕಾಲು ಭಾಗದವರೆಗೆ ದೇಶದೊಳಗೆ ಬ್ಯಾಟರಿ ಸಾಮಗ್ರಿ ಮಾಡುವವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು. ಮೊದಲ ಷರತ್ತು 2022ರಲ್ಲಿ ಫಲ ಕೊಟ್ಟಿತು, ಲಿಥಿಯಂ ಬೆಲೆ ಆಕಾಶಕ್ಕೆ ಹೋದಾಗ ಚಿಲಿಯ ಬೊಕ್ಕಸ ತುಂಬಿತು. ಎರಡನೆಯದು ಇಲ್ಲಿಯವರೆಗೂ ಕೈಹಿಡಿದಿಲ್ಲ. ಕೊರಿಯಾದ ಪೋಸ್ಕೊ–ಸ್ಯಾಮ್‌ಸಂಗ್ ಜೋಡಿ ಕಾರ್ಖಾನೆ ಹಾಕುತ್ತೇವೆಂದು ಬಂದು 2019ರಲ್ಲಿ ಕೈಬಿಟ್ಟಿತು. ಕರಾರಿನಲ್ಲಿ ಸಿಗುತ್ತಿದ್ದುದು ಕಾರ್ಬೊನೇಟ್, ಅವರಿಗೆ ಬೇಕಾಗಿದ್ದುದು ಹೈಡ್ರಾಕ್ಸೈಡ್. 2022ರ ಕೊನೆಯಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿದ್ದ ಕಾರ್ಬೊನೇಟ್, ಒಂದು ವರ್ಷದಲ್ಲಿ 1 ಲಕ್ಷಕ್ಕೆ ಇಳಿದ ಮೇಲೆ ಇನ್ನಷ್ಟು ಕಂಪನಿಗಳು ಹಿಂದೆ ಸರಿದವು. ಅಗ್ಗದ ಕಚ್ಚಾಮಾಲೊಂದನ್ನೇ ತೋರಿಸಿ ಕಾರ್ಖಾನೆ ಕರೆತರಲಾಗದು. ಯಾವ ಲವಣ, ಯಾವ ಶುದ್ಧತೆ, ಪಕ್ಕದಲ್ಲಿ ಕೊಳ್ಳುವವರು ಯಾರು ಎಂಬುದು ಮೊದಲೇ ಕೂಡಿಬರಬೇಕು.

ಕಾಂಗೊ ಜಗತ್ತಿನ ಕೋಬಾಲ್ಟ್‌ನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ತೆಗೆದರೂ ಅದನ್ನು ಕಳಿಸುವುದು ಮೂರನೇ ಒಂದರಷ್ಟು ಕೋಬಾಲ್ಟ್ ಇರುವ ಹೈಡ್ರಾಕ್ಸೈಡ್ ಚೀಲಗಳಲ್ಲಿ. ಬೆಲೆ ನೆಲಕಚ್ಚಿದಾಗ 2025ರ ಫೆಬ್ರುವರಿಯಲ್ಲಿ ರಫ್ತನ್ನೇ ನಿಲ್ಲಿಸಿ, ಅಕ್ಟೋಬರ್‌ನಿಂದ ಕೋಟಾ ತಂದಿತು. 2026 ಮತ್ತು 2027ಕ್ಕೆ ವರ್ಷಕ್ಕೆ 96,600 ಟನ್. ಅಷ್ಟು ಪಾಲು ಕೈಯಲ್ಲಿರುವ ದೇಶ ಹಾಗೆ ಮಾಡಬಲ್ಲದು. 1,600 ಟನ್ ಊಹಿತ ನಿಕ್ಷೇಪದ ನಾವು ಯಾರ ಬಾಗಿಲನ್ನೂ ಮುಚ್ಚಿ ಹೆದರಿಸಲಾರೆವು.

ಹಾಗಾದರೆ ನಮ್ಮ ಬಲ ಎಲ್ಲಿದೆ? ನಮ್ಮಲ್ಲಿ ಸೇರುತ್ತಿರುವ ಹಳೆಯ ಬ್ಯಾಟರಿಯಲ್ಲಿ, ಅದನ್ನು ಕರಗಿಸಿ ಶುದ್ಧ ಲವಣ ಮಾಡುವ ಕಸುಬಿನಲ್ಲಿ. ಗಣಿಗೆ ಬೇಕಾಗುವ ಶುದ್ಧೀಕರಣದ ಕೊನೆಯ ಅರ್ಧ ದಾರಿಯೂ ಮರುಬಳಕೆಯ ಕೊನೆಯ ಅರ್ಧ ದಾರಿಯೂ ಒಂದೇ. ಇಲ್ಲಿ ಕೈ ಪಳಗಿದರೆ ನಾಳೆ ಮಂಡ್ಯದ ಕಲ್ಲೇ ಬರಲಿ, ಸರ್ಕಾರಿ ಸಂಸ್ಥೆ ಕಾಬಿಲ್ 2024ರಲ್ಲಿ ಅರ್ಜೆಂಟೀನಾದ ಕಟಮಾರ್ಕದಲ್ಲಿ ಪಡೆದ ಐದು ಬ್ಲಾಕ್‌ಗಳ ಲಿಥಿಯಂ ಬರಲಿ, ಮಾಡುವ ಜನ ಇರುತ್ತಾರೆ.

ಬೆಂಗಳೂರಿನ ಗುಜರಿಗೆ ಬರುವ ಸ್ಕೂಟರ್ ಬ್ಯಾಟರಿಯೊಂದನ್ನು ನೋಡಿ. ಮೇಲೆ ಅಲ್ಯುಮಿನಿಯಂ ಪೆಟ್ಟಿಗೆ, ಒಳಗೆ ನಿಕ್ಕಲ್ ಪಟ್ಟಿಯಿಂದ ಬೆಸೆದ ಸೆಲ್ಲುಗಳು, ಕೆಲವಕ್ಕೆ ಸಂದು ಸಂದಿಗೂ ತುಂಬಿದ ಫೋಮ್ ಅಥವಾ ಅಂಟು. ಒಳಗಿನ ರಸಾಯನ ಯಾವುದು, ನಿಕ್ಕಲ್–ಕೋಬಾಲ್ಟ್‌ನದೋ ಕಬ್ಬಿಣದ ಫಾಸ್ಫೇಟ್‌ನದೋ, ಹೊರಗೆ ಎಷ್ಟೋ ಸಲ ಬರೆದಿರುವುದಿಲ್ಲ. ಉಳಿದ ಚಾರ್ಜ್ ಇಳಿಸಲು ಉಪ್ಪುನೀರಿನ ಡ್ರಮ್ಮಿಗೆ ಹಾಕುವ ರೂಢಿಯಿದೆ. ಅದು ತಪ್ಪು. ಸೆಲ್ಲಿನ ತುದಿ ತುಕ್ಕು ಹಿಡಿದು ಕರೆಂಟಿನ ದಾರಿಯೇ ಕಡಿದುಹೋಗುತ್ತದೆ, ಚಾರ್ಜ್ ಒಳಗೇ ಉಳಿಯುತ್ತದೆ. ಮೇಲಾಗಿ ಜಲಜನಕ ಏಳುತ್ತದೆ, ಸೋರಿದ ಫ್ಲೋರಿನ್ ಲವಣದ ವಿಷ ನೀರಿಗೆ ಸೇರುತ್ತದೆ. ಪ್ಯಾಕ್ ಬಿಚ್ಚುವ ಮೊದಲು ರೆಸಿಸ್ಟರ್ ಲೋಡ್‌ಗೆ ಜೋಡಿಸಿ ನಿಧಾನವಾಗಿ ಇಳಿಸಿ, ಪ್ರತಿ ಸಾಲಿನ ವೋಲ್ಟೇಜ್ ಅಳೆದು ನೋಡಬೇಕು. ಚಾರ್ಜ್ ಉಳಿದ ಒಂದೇ ಸೆಲ್ ಚೂರು ಮಾಡುವ ಯಂತ್ರಕ್ಕೆ ಹೋದರೂ ಬೆಂಕಿ ಹೊತ್ತಬಹುದು. ಹಾಗಾಗಿ ಯಂತ್ರದೊಳಗೆ ಸಾರಜನಕ ತುಂಬಿ ಚೂರು ಮಾಡುತ್ತಾರೆ.

ಚೂರಾದ ಮೇಲೆ ಜರಡಿ ಹಿಡಿದರೆ ತಾಮ್ರ, ಅಲ್ಯುಮಿನಿಯಂ ಹಾಳೆಗಳು ಒಂದು ಕಡೆ, ‘ಬ್ಲ್ಯಾಕ್ ಮಾಸ್’ ಎಂಬ ಕಪ್ಪು ಪುಡಿ ಇನ್ನೊಂದು ಕಡೆ. ನಮ್ಮ ಹಲವು ಘಟಕಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ, ಪುಡಿ ಚೀಲ ತುಂಬಿ ಹೊರದೇಶಕ್ಕೆ ಹೋಗುತ್ತದೆ. ಕಾಂಗೊದ ಹೈಡ್ರಾಕ್ಸೈಡ್ ಚೀಲಕ್ಕೂ ನಮ್ಮ ಕಪ್ಪು ಪುಡಿಯ ಚೀಲಕ್ಕೂ ನಾವು ಭೇದ ಕಾಣೆವು. ಮುಂದಿನ ಕೆಲಸ ಇಲ್ಲೇ ಆಗಬೇಕು. ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ 60–80 ಡಿಗ್ರಿಯಲ್ಲಿ ಕರಗಿಸುವುದು, ಮ್ಯಾಂಗನೀಸ್, ಕೋಬಾಲ್ಟ್, ನಿಕ್ಕಲ್‌ಗಳನ್ನು ಒಂದೊಂದಾಗಿ ದ್ರಾವಕಕ್ಕೆ ಎಳೆದುಕೊಳ್ಳುವುದು, ಕೊನೆಗೆ ಉಳಿದ ಲಿಥಿಯಂನ್ನು ಬಿಸಿ ದ್ರಾವಣದಿಂದ ಕಾರ್ಬೊನೇಟ್ ಆಗಿ ಇಳಿಸುವುದು. ಜರಡಿ ಸರಿಯಾಗದೆ ಅಲ್ಯುಮಿನಿಯಂ ಚೂರು ಪುಡಿಯಲ್ಲಿ ಉಳಿದರೆ ಆಮ್ಲದ ತೊಟ್ಟಿಯಲ್ಲಿ ಜಲಜನಕ ನುಗ್ಗಿ ಏಳುತ್ತದೆ, ಕರಗಿದ ಅಲ್ಯುಮಿನಿಯಂ ಮುಂದೆ ಲೋಳೆಯಾಗಿ ಸೋಸುವ ಬಟ್ಟೆಯನ್ನು ಕಟ್ಟಿಸುತ್ತದೆ.

ಇಲ್ಲೇ ನಮ್ಮ ಕಾನೂನಿನ ಒಂದು ಕಿಂಡಿ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ 2026–27ರಿಂದ ವಿದ್ಯುತ್ ವಾಹನದ ಬ್ಯಾಟರಿಯ ಒಣ ತೂಕದಲ್ಲಿ ಶೇ 90ರಷ್ಟನ್ನು ಮರಳಿ ಪಡೆಯಬೇಕು. ಕೇಳಲು ಬಿಗಿಯಾದ ನಿಯಮ. ಆದರೆ ಲಿಥಿಯಂ ಸೆಲ್ಲಿನ ತೂಕದಲ್ಲಿ ಅಂದಾಜು ನೂರಕ್ಕೆ ಒಂದೂವರೆ ಭಾಗ. ಪೆಟ್ಟಿಗೆ, ತಾಮ್ರ, ಉಕ್ಕು, ಪ್ಲಾಸ್ಟಿಕ್, ಗ್ರಾಫೈಟ್ ಎಲ್ಲವನ್ನೂ ತೋರಿಸಿ ಗುರಿ ಮುಟ್ಟಿ, ಲಿಥಿಯಂನ್ನು ಪೂರ್ತಿ ಚರಂಡಿಗೆ ಬಿಟ್ಟರೂ ತೂಕದ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಕಬ್ಬಿಣದ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಅದರ ಲಿಥಿಯಂ ತೆಗೆದರೆ ಖರ್ಚೇ ಹುಟ್ಟದ ಕಾರಣ ಘಟಕಗಳು ಅದನ್ನು ಬೇಡವೆನ್ನುತ್ತವೆ. ಯುರೋಪಿನ 2023ರ ಬ್ಯಾಟರಿ ಕಾನೂನು ಲೋಹವಾರು ಗುರಿ ಇಟ್ಟಿದೆ. ಲಿಥಿಯಂ 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80. ನಮ್ಮಲ್ಲೂ ಲಿಥಿಯಂ, ನಿಕ್ಕಲ್, ಕೋಬಾಲ್ಟ್‌ಗೆ ಬೇರೆ ಬೇರೆ ಗುರಿ ಬರೆಯುವುದು ಒಂದು ತಿದ್ದುಪಡಿಯ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿದ 1,500 ಕೋಟಿ ರೂಪಾಯಿಯ ಮರುಬಳಕೆ ಯೋಜನೆಯ ಹಣದಲ್ಲಿ ಹೆಚ್ಚಿನ ಪಾಲು ಕಪ್ಪು ಪುಡಿಯಲ್ಲಿ ನಿಲ್ಲುವ ಘಟಕಕ್ಕಲ್ಲದೆ, ಬ್ಯಾಟರಿ ದರ್ಜೆಯ ಲವಣದವರೆಗೆ ಹೋಗುವ ಘಟಕಕ್ಕೆ ಸಲ್ಲಬೇಕು.

ಮಂಡ್ಯದಲ್ಲಿ ಗಣಿ ಬೇಡವೇ ಬೇಡ ಎಂಬುದು ನಮ್ಮ ವಾದವಲ್ಲ. ಕೊರೆತ ಮುಂದುವರಿಯಲಿ, ದರ್ಜೆ ಮೇಲೇರಲಿ. ಆದರೆ ಹರಾಜಿಗೆ ಮೊದಲು ಕಸದ ಲೆಕ್ಕ ಜನರ ಮುಂದಿರಬೇಕು. ಶೇ 1.2ರ ಅದಿರಾದರೆ ಒಂದು ಟನ್ ಕಾರ್ಬೊನೇಟ್‌ಗೆ ಸುಮಾರು 60 ಟನ್ ಅದಿರು ಅರೆಯಬೇಕು, ಅದರಲ್ಲಿ 50 ಟನ್‌ಗೂ ಹೆಚ್ಚು ನುಣ್ಣನೆಯ ಮರಳಾಗಿ ಉಳಿಯುತ್ತದೆ. ಶುದ್ಧೀಕರಣವೂ ಅಲ್ಲೇ ಆದರೆ ಪ್ರತಿ ಟನ್ ಕಾರ್ಬೊನೇಟ್‌ಗೆ ಸುಮಾರು 2 ಟನ್ ಸೋಡಿಯಂ ಸಲ್ಫೇಟ್ ಲವಣ ಬೇರೆ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಈಗಾಗಲೇ ಚೌಳು ಹಿಡಿದ ಗದ್ದೆಗಳಿವೆ. ಆ ಲವಣ ಕಾಲುವೆಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಮಂಡ್ಯದ ರೈತರಿಗೆ ನಾವು ಹೇಳಿಕೊಡಬೇಕಿಲ್ಲ.

1902ರಲ್ಲಿ ಇದೇ ಸೀಮೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, ಬೆಂಗಳೂರಿಗೆ ದೀಪ ಬರುವುದಕ್ಕೂ ಮೊದಲು. ಗಣಿ 2001ರಲ್ಲಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಹೊರಬಂದ ಜಾಗದಲ್ಲಿ ಈಗ ಚಿನ್ನ ತೆಗೆದು ಉಳಿದ ಪುಡಿಯ ಮೂರು ಕೋಟಿ ಟನ್‌ಗೂ ಮೀರಿದ ಸೈನೈಡ್ ದಿಬ್ಬಗಳಿವೆ, ಗಾಳಿ ಎದ್ದಾಗ ಅವುಗಳ ಧೂಳು ಕೆಜಿಎಫ್‌ನ ಮನೆಗಳೊಳಕ್ಕೆ ಬರುತ್ತದೆ. ಆ ಧೂಳಿಗೆ ಖರ್ಚು ಮಾಡಬೇಕಾದವರು ಯಾರೆಂದು ಗಣಿ ಶುರುವಾದ ದಿನ ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಖನಿಜ ಇಲಾಖೆಗಳು ಇನ್ನು ಮುಂದೆ ಯಾವುದೇ ನಿಕ್ಷೇಪವನ್ನು ಪ್ರಕಟಿಸುವಾಗ ಅದಿರಿನ ಟನ್, ಲೋಹದ ಶೇಕಡಾವಾರು, ದರ್ಜೆ ಈ ಮೂರನ್ನೂ ಒಟ್ಟಿಗೆ ಹೇಳಬೇಕು. ಪತ್ರಿಕೆಗಳೂ ಮೂರನ್ನೂ ಕೇಳಿ ಬರೆಯಬೇಕು. ಲಿಥಿಯಂಗೆ 2023ರಲ್ಲಿ ನಿಗದಿಯಾದ ಶೇ 3ರ ರಾಯಧನ ಬೆಲೆ ಏರಿದಾಗ ಚಿಲಿಯಂತೆ ಮೆಟ್ಟಿಲೇರುವಂತಿರಬೇಕು. ಅಟಕಾಮದ ಮೂಲನಿವಾಸಿಗಳಿಗೆ ಅಲ್ಲಿನ ಒಂದು ಕಂಪನಿ ತನ್ನ ಮಾರಾಟದ ಶೇ 3.5ನ್ನು ನೇರವಾಗಿ ಕೊಡುತ್ತದೆ. ನಮ್ಮಲ್ಲಿ ಹರಾಜಿನ ಗಣಿಯಿಂದ ಜಿಲ್ಲಾ ಖನಿಜ ನಿಧಿಗೆ ಬರುವುದು ರಾಯಧನದ ಶೇ 10, ಅಂದರೆ ಲಿಥಿಯಂ ಬೆಲೆಯ ಸಾವಿರಕ್ಕೆ ಮೂರು. ಈ ಅಂತರವನ್ನು ಮಂಡ್ಯದ ಶಾಸಕರು, ಸಂಸದರು ಹರಾಜಿಗೆ ಮೊದಲೇ ಎತ್ತಬೇಕು. ನೀರೆಷ್ಟು, ಕಸ ಎಲ್ಲಿ, ಗಣಿ ಮುಚ್ಚುವ ಖರ್ಚಿನ ಠೇವಣಿ ಎಷ್ಟು ಎಂಬ ದಾಖಲೆ ಅಲ್ಲಾಪಟ್ಟಣ, ಮರಳಗಾಲದ ಜನರಿಗೆ ಕನ್ನಡದಲ್ಲಿ, ಗ್ರಾಮಸಭೆಗೆ ಒಂದು ತಿಂಗಳಾದರೂ ಮುಂಚೆ, ಪಂಚಾಯಿತಿ ಕಚೇರಿಯಲ್ಲಿ ಓದಲು ಸಿಗಬೇಕು.

– ಖನಿಜ ಸಂಸ್ಕರಣೆ ಮತ್ತು ಬ್ಯಾಟರಿ ಮರುಬಳಕೆ ಕ್ಷೇತ್ರದ ಕೆಲವು ಎಂಜಿನಿಯರುಗಳು, ಮೈಸೂರು